ಜೂನ್ ತಿಂಗಳಿಗೊಂದು ಸೈಕ್ಲೋಕ್ರಾಸ್ ಸೈಕಲ್

ಡಿಸೆಂಬರಿನಲ್ಲಿ ಕಾರವಾರದ ಕಡಲ ಬದಿಯ ರಸ್ತೆಯಲ್ಲಿ ಓಡಿಸಿ ನೋಡಿದರೆ ಯಾವ ಸೈಕಲ್ಲೂ ಒಳ್ಳೆಯದೇ. ದಿನಾ ಕೆಲಸಕ್ಕೆ ಹೋಗಿಬರುವ ಸೈಕಲ್ಲಿಗೆ ಇಲ್ಲಿ ಪರೀಕ್ಷೆ ಶುರುವಾಗುವುದು ಮಿರಗದ ಮಳೆ ಹಿಡಿದ ಮೇಲೆ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಉಳಿದ ತಿಂಗಳುಗಳಿಗೆ ಉಪ್ಪುಗಾಳಿ ಇದ್ದೇ ಇದೆ. ಹಾಗಾಗಿ ಸೈಕ್ಲೋಕ್ರಾಸ್ (ಕೆಸರಿನ ರೇಸಿಗೆಂದು ಮಾಡಿದ, ಬಾಗಿದ ಹ್ಯಾಂಡಲಿನ ಸೈಕಲ್) ಹುಡುಕಲು ಹೊರಟಾಗ ಬ್ರ್ಯಾಂಡು, ಬಣ್ಣ, ತೂಕ ಎಲ್ಲವನ್ನೂ ಪಕ್ಕಕ್ಕಿಟ್ಟು, ಜಡಿಮಳೆಯ ಬೆಳಿಗ್ಗೆ ಆಫೀಸಿನ ಬ್ಯಾಗು ಹೊತ್ತು ಇದು ಹೇಗೆ ಓಡೀತು ಎಂಬ ಒಂದೇ ಪ್ರಶ್ನೆ ಹಿಡಿದುಕೊಂಡೆ. ಅದರಿಂದ ಕೊಳ್ಳಬೇಕಾದ ಸೈಕಲ್ಲುಗಳ ಪಟ್ಟಿ ಅರ್ಧಕ್ಕಿಂತ ಹೆಚ್ಚು ತಾನಾಗಿಯೇ ಖಾಲಿಯಾಯಿತು.

ಮೊದಲು ರಸ್ತೆಯ ಲೆಕ್ಕ. ಚೆಂಡಿಯಾ, ಅರ್ಗಾ ಕಡೆಯಿಂದ ಪೇಟೆಗೆ ಬರುವವರನ್ನು ತೆಗೆದುಕೊಳ್ಳಿ. ಮನೆಯಿಂದ ಹೆದ್ದಾರಿಯವರೆಗೆ ಚಿರೇಕಲ್ಲಿನ ಕೆಂಪು ಮಣ್ಣಿನ ಓಣಿ ಅಥವಾ ಪಂಚಾಯತಿಯವರು ಹಾಕಿಸಿದ ಕಾಂಕ್ರೀಟು ರಸ್ತೆ. ಮಳೆಗಾಲದಲ್ಲಿ ಮಣ್ಣು ರಾಡಿಯಾಗುತ್ತದೆ, ಕಾಂಕ್ರೀಟಿನ ಮೇಲೆ ಹಾವಸೆ ಕಟ್ಟುತ್ತದೆ. ಎರಡರಲ್ಲಿ ಹಾವಸೆಯೇ ಹೆಚ್ಚು ಅಪಾಯ, ಏಕೆಂದರೆ ಅದರ ಮೇಲೆ ಯಾವ ಟಯರಿನ ಗುಬ್ಬಿಗಳೂ ಹಿಡಿಯುವುದಿಲ್ಲ. ನಂತರ ಹೆದ್ದಾರಿ 66. ನಡುವೆ ನುಣ್ಣನೆಯ ಡಾಂಬರು, ಸೈಕಲ್ಲಿನವರ ಪಾಲಿಗೆ ಬರುವ ಅಂಚಿನಲ್ಲಿ ಜಲ್ಲಿ, ಗಾಜು, ಲಾರಿ ಟಯರಿನಿಂದ ಉದುರಿದ ತಂತಿಚೂರು. ಬಿಣಗಾ ಹತ್ತಿರ ಏರು. ಪೇಟೆಯೊಳಗೆ ಹೊಂಡಗಳು ಮತ್ತು ಗಟಾರದ ಮೇಲಿನ ಕಬ್ಬಿಣದ ಜಾಳಿಗೆ. ಆ ಜಾಳಿಗೆಯ ಸರಳುಗಳು ರಸ್ತೆಯ ಉದ್ದಕ್ಕೆ ಇದ್ದ ಕಡೆ 25 ಮಿ.ಮೀ. ಟಯರು ಇಳಿದು ಕೂರುತ್ತದೆ, 35 ಮಿ.ಮೀ. ಟಯರು ದಾಟುತ್ತದೆ.

ಇಷ್ಟಕ್ಕೆ ರೋಡ್ ಬೈಕು ಸಾಲದು. ಸಸ್ಪೆನ್ಷನ್ ಇರುವ ಅಗ್ಗದ ಎಂಟಿಬಿ (ಮೌಂಟನ್ ಬೈಕು) ಬೇಡ. ಅದರ ಫೋರ್ಕಿನ ಕಾಲುಗಳಿಗೆ ಒಂದೆರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಅದು ಬರಿಯ ಭಾರವಾಗಿ ಉಳಿಯುತ್ತದೆ. ಹೋಗಿಬರುವ ದೂರ ಒಟ್ಟು ಹತ್ತು ಕಿ.ಮೀ. ಒಳಗಿದ್ದರೆ ನೆಟ್ಟನೆಯ ಹ್ಯಾಂಡಲಿನ ಹೈಬ್ರಿಡ್ ಸಾಕು, ಮುಂದೆ ಓದುವ ಅಗತ್ಯವೂ ಇಲ್ಲ. ಅದಕ್ಕಿಂತ ದೂರವಾದರೆ, ಅದರಲ್ಲೂ ಸಂಜೆ ದಕ್ಷಿಣಕ್ಕೆ ಮನೆಗೆ ಹೋಗುವವರಾದರೆ, ಮಳೆಗಾಲದ ನೈಋತ್ಯ ಗಾಳಿ ಎದೆಗೇ ಹೊಡೆಯುತ್ತದೆ. ಆಗ ತಗ್ಗಿ ಹಿಡಿಯಲು ಬರುವ ಬಾಗಿದ ಹ್ಯಾಂಡಲಿನ ಬೆಲೆ ಗೊತ್ತಾಗುತ್ತದೆ. ಬಾಗಿದ ಹ್ಯಾಂಡಲು, ಅಗಲ ಟಯರು, ರಾಡಿಗೆ ಸಿಕ್ಕಿಬೀಳದ ಫ್ರೇಮು ಮೂರೂ ಒಟ್ಟಿಗೆ ಬೇಕೆಂದರೆ ಸೈಕ್ಲೋಕ್ರಾಸ್ ಅಥವಾ ಅದರ ನಂತರ ಬಂದ, ಜಲ್ಲಿ-ಮಣ್ಣಿನ ರಸ್ತೆಗೆಂದು ಮಾಡಿದ ಗ್ರಾವೆಲ್ ಬೈಕು.

ಸೈಕ್ಲೋಕ್ರಾಸ್ ಮೂಲತಃ ಯುರೋಪಿನ ಚಳಿಗಾಲದ ರೇಸು. ಬೆಲ್ಜಿಯಂ, ನೆದರ್ಲೆಂಡ್ಸ್, ಫ್ರಾನ್ಸ್ ಕಡೆ ಹುಲ್ಲು, ಕೆಸರು, ಮರಳಿನ ಸಣ್ಣ ಸುತ್ತಿನಲ್ಲಿ ಸುಮಾರು ಒಂದು ಗಂಟೆ ಓಡುತ್ತದೆ. ಅಡ್ಡ ಹಲಗೆ, ಮೆಟ್ಟಿಲು ಬಂದರೆ ಇಳಿದು ಸೈಕಲ್ಲನ್ನು ಹೆಗಲಿಗೇರಿಸಿ ಓಡಬೇಕು. ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1950ರಲ್ಲಿ, ಪ್ಯಾರಿಸಿನಲ್ಲಿ. ಅಂತರರಾಷ್ಟ್ರೀಯ ರೇಸಿನಲ್ಲಿ ಟಯರಿನ ಅಗಲ 33 ಮಿ.ಮೀ. ಮೀರುವಂತಿಲ್ಲ, ಡಿಸ್ಕ್ ಬ್ರೇಕಿಗೆ ಅನುಮತಿ ಸಿಕ್ಕಿದ್ದು 2010ರಲ್ಲಿ. ಈ ನಿಯಮಗಳು ನಮಗೆ ಯಾಕೆ ಬೇಕೆಂದರೆ, ಸೈಕಲ್ಲಿನ ಮೈಕಟ್ಟೆಲ್ಲ ಅಲ್ಲಿಂದಲೇ ಬಂದದ್ದು. ಹೆಗಲಿಗೆ ಒತ್ತದಿರಲೆಂದು ಮೇಲಿನ ಪೈಪಿನ ಅಡಿಭಾಗ ಚಪ್ಪಟೆ. ಕೆಸರು ತಾಗದಿರಲೆಂದು ಕೇಬಲ್ಲುಗಳು ಆ ಪೈಪಿನ ಮೇಲಿಂದ. ಗಂಟೆಯ ರೇಸಿನಲ್ಲಿ ನೀರು ಕುಡಿಯುವವರಿಲ್ಲ, ಹಾಗಾಗಿ ಕೆಲವು ಹಳೆಯ ಫ್ರೇಮುಗಳಲ್ಲಿ ಬಾಟಲಿ ಸಿಕ್ಕಿಸುವ ತೂತೂ ಇಲ್ಲ. ಬೆಲ್ಜಿಯಮ್ಮಿನವರು ಹೆಗಲಿಗೇರಿಸಲು ಮಾಡಿದ ಆ ಆಕಾರ ನಮ್ಮ ಜಿಲ್ಲೆಯ ಕಾಲುಸಂಕಗಳಿಗೂ, ತದಡಿಯಲ್ಲಿ ದೋಣಿ ಹತ್ತಿಸುವಾಗಲೂ ಒದಗಿಬರುತ್ತದೆ ಅನ್ನುವುದು ಬೇರೆ ಮಾತು.

ಗ್ರಾವೆಲ್ ಬೈಕಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಅಂಗಡಿಯವರು ಹಾರಿಸಿಬಿಡುತ್ತಾರೆ. ಸೈಕ್ಲೋಕ್ರಾಸಿನಲ್ಲಿ ಪೆಡಲಿನ ಅಚ್ಚು (ಎರಡೂ ಕ್ರ್ಯಾಂಕುಗಳನ್ನು ಸೇರಿಸುವ, ಫ್ರೇಮಿನೊಳಗಿನ ಅಚ್ಚು) ಚಕ್ರಗಳ ಅಚ್ಚಿಗಿಂತ 60ರಿಂದ 68 ಮಿ.ಮೀ. ಕೆಳಗಿರುತ್ತದೆ, ಗ್ರಾವೆಲ್‌ನಲ್ಲಿ 70ರಿಂದ 80. ಅಂದರೆ ಸೈಕ್ಲೋಕ್ರಾಸಿನಲ್ಲಿ ಸವಾರ ಹೆಚ್ಚುಕಡಿಮೆ ಒಂದು ಸೆಂ.ಮೀ. ಎತ್ತರ ಕೂರುತ್ತಾನೆ. ಹೊಂಡ, ಕಲ್ಲಿನ ಮೇಲೆ ಪೆಡಲು ತಾಗುವುದು ಕಡಿಮೆ, ಸಿಗ್ನಲ್ಲಿನಲ್ಲಿ ಕಾಲು ನೆಲಕ್ಕೆ ಇಡುವುದು ಸ್ವಲ್ಪ ಕಷ್ಟ. ಚಕ್ರಗಳ ನಡುವಿನ ಅಂತರ ಚಿಕ್ಕದು, ಹ್ಯಾಂಡಲು ಚುರುಕು. ಸಂತೆಯ ದಿನ ಪೇಟೆಯಲ್ಲಿ ನುಸುಳಲು ಇದು ಹಿತ. ಹೆದ್ದಾರಿಯಲ್ಲಿ ಪಕ್ಕದಿಂದ ಬಸ್ಸಿನ ಗಾಳಿ ಬಡಿದಾಗ ಅಷ್ಟು ಹಿತವಲ್ಲ. ಹೆಸರಿನ ಮೇಲೆ ಭರವಸೆ ಇಡಬೇಡಿ. ಸ್ಪೆಷಲೈಸ್ಡ್ ಕಂಪನಿಯ ಕ್ರಕ್ಸ್ ಮೊದಲು ಸೈಕ್ಲೋಕ್ರಾಸ್, 2021ರ ನಂತರದ ಕ್ರಕ್ಸ್ ಗ್ರಾವೆಲ್ ರೇಸಿನದು. ಹಳೆಯದು, ಹೊಸದು ಎರಡಕ್ಕೂ ಅದೇ ಹೆಸರು, ಫ್ರೇಮಿನ ಅಳತೆ ಬೇರೆ.

ಇನ್ನು ನನ್ನ ಮಟ್ಟಿಗೆ ಮುಖ್ಯವಾದ ವಿಷಯ: ತೂತುಗಳು. ಸೈಕಲ್ಲನ್ನು ನೋಡಲು ಹೋದಾಗ ಟಾರ್ಚು, 15 ಸೆಂ.ಮೀ. ಸ್ಕೇಲು, ಒಂದು ಎಂ5 (5 ಮಿ.ಮೀ. ದಪ್ಪದ) ಬೋಲ್ಟು ಜೇಬಿನಲ್ಲಿರಲಿ. ಹಿಂದಿನ ಚಕ್ರದ ಅಚ್ಚಿನ ಬಳಿ ಎರಡೂ ಬದಿಗೆ ಎಂ5 ತೂತು ಇದೆಯೇ? ಒಂದೊಂದೇ ಇದ್ದರೆ ಮಡ್‌ಗಾರ್ಡಿನ ಕಡ್ಡಿ ಮತ್ತು ಕ್ಯಾರಿಯರಿನ ಕಾಲು ಒಂದೇ ಬೋಲ್ಟಿನಲ್ಲಿ ಕೂರಬೇಕು. ಕೂರಿಸಬಹುದು, ಆದರೆ ಕ್ಯಾರಿಯರನ್ನು ಫ್ರೇಮಿಗೆ ತಾಗಿಸಿ ಕಡ್ಡಿಯನ್ನು ಹೊರಗಡೆ ಇಡಬೇಕು. ತಿರುವುಮುರುವಾದರೆ ಭಾರವೆಲ್ಲ ಬೋಲ್ಟಿನ ತುದಿಗೆ ಬಿದ್ದು ಅದು ಬಗ್ಗುತ್ತದೆ. ಸೀಟಿನ ಕೆಳಗೆ ಎರಡು ಕವಲು ಸೇರುವಲ್ಲಿ ಕ್ಯಾರಿಯರಿಗೆ ಇನ್ನೆರಡು ತೂತು. ಆ ಕವಲುಗಳ ನಡುವೆ ಅಡ್ಡಪಟ್ಟಿ ಇದೆಯೇ? ರೇಸಿನ ಫ್ರೇಮುಗಳಲ್ಲಿ ಕೆಸರು ನಿಲ್ಲದಿರಲೆಂದು ಅದನ್ನೇ ತೆಗೆದುಹಾಕಿರುತ್ತಾರೆ, ಆಗ ಮಡ್‌ಗಾರ್ಡಿನ ನೆತ್ತಿಗೆ ಆಸರೆಯೇ ಇರುವುದಿಲ್ಲ. ಫೋರ್ಕಿನಲ್ಲಿ ತೂತುಗಳು ಕಾಲಿನ ಒಳಮೈಯಲ್ಲಿ ಅಡಗಿರುತ್ತವೆ, ಟಾರ್ಚು ಬೇಕಾಗುವುದು ಅದಕ್ಕೇ. ಬೋಲ್ಟನ್ನು ಬೆರಳಿನಲ್ಲೇ ಮೂರ್ನಾಲ್ಕು ಸುತ್ತು ಹಾಕಿ ನೋಡಿ. ಬಣ್ಣ ತುಂಬಿದ್ದರೆ ಟ್ಯಾಪ್ ಹೊಡೆಸಿ ಥ್ರೆಡ್ ಬಿಡಿಸಿಕೊಂಡರೆ ಆಯಿತು, ಥ್ರೆಡ್ ಹೋಗಿದ್ದರೆ ಆ ಸೈಕಲ್ ಬಿಟ್ಟುಬಿಡಿ.

ತೂತಿಲ್ಲದ ಫ್ರೇಮಿಗೆ ರಬ್ಬರ್ ಹೊದಿಸಿದ ಕ್ಲಿಪ್ಪು, ಸೀಟ್ ಪೋಸ್ಟಿಗೆ ಬಿಗಿಯುವ ಕ್ಯಾರಿಯರು ಎಂಬ ದಾರಿಗಳಿವೆ. ಕ್ಲಿಪ್ಪಿನ ಅಡಿಯಲ್ಲಿ ಮರಳು ಸೇರಿ ಬಣ್ಣ ತಿಂದು ಅಲ್ಲೇ ಉಪ್ಪು ಕೂರುತ್ತದೆ. ಸೀಟ್ ಪೋಸ್ಟಿನ ಕ್ಯಾರಿಯರು ಹೊಂಡಕ್ಕೊಮ್ಮೆ ಪಕ್ಕಕ್ಕೆ ತಿರುಗುತ್ತದೆ, ಕಾರ್ಬನ್ ಪೋಸ್ಟಿಗಂತೂ ಹಾಕಲೇಬಾರದು. ನಾಲ್ಕು ತಿಂಗಳ ಮಳೆಗೆ ಈ ಜುಗಾಡು ನಡೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕ್ಯಾನನ್‌ಡೇಲ್ ಕ್ಯಾಡ್‌ಎಕ್ಸ್‌ನಂಥ ಅಲ್ಯೂಮಿನಿಯಂ ಸೈಕ್ಲೋಕ್ರಾಸ್‌ಗಳಲ್ಲಿ ಮಡ್‌ಗಾರ್ಡು, ಕ್ಯಾರಿಯರು ಎರಡಕ್ಕೂ ಜಾಗ ಬಿಟ್ಟಿದ್ದಾರೆ. ರೇಸಿಗೆಂದೇ ಮಾಡಿದ ಕಾರ್ಬನ್ ಫ್ರೇಮು ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ಕಿದರೂ ದಿನದ ಓಡಾಟಕ್ಕೆ ಉಪಯೋಗವಿಲ್ಲ.

ಟಯರಿಗೆ ಎಷ್ಟು ಜಾಗವಿದೆ ಎಂದು ಕಂಪನಿ ಹೇಳುವ ಅಳತೆ ಮಡ್‌ಗಾರ್ಡ್ ಇಲ್ಲದ ಅಳತೆ. 40 ಮಿ.ಮೀ. ಹಿಡಿಸುತ್ತದೆ ಎಂದರೆ ಮಡ್‌ಗಾರ್ಡ್ ಹಾಕಿದ ಮೇಲೆ 35 ಹಿಡಿಸೀತು ಎಂದು ತಿಳಿಯಿರಿ. 35 ಮಿ.ಮೀ. ಟಯರಿಗೆ 45 ಮಿ.ಮೀ. ಅಗಲದ ಮಡ್‌ಗಾರ್ಡ್ ಬೇಕು, ಟಯರಿಗೂ ಅದಕ್ಕೂ ನಡುವೆ ನೆತ್ತಿಯಲ್ಲಿ 10 ಮಿ.ಮೀ. ಬಿಡಬೇಕು. ಅದಕ್ಕಿಂತ ಕಡಿಮೆ ಬಿಟ್ಟರೆ ಕೆಂಪು ರಾಡಿ ಒಳಗೇ ಗಟ್ಟಿಯಾಗಿ ಚಕ್ರವನ್ನು ಹಿಡಿಯುತ್ತದೆ. ಕಡಲ ಬದಿಯಲ್ಲಿ ಇನ್ನೊಂದು ಕಾಟ ಗಾಳಿಮರದ ಸೂಜಿಯೆಲೆ. ಒದ್ದೆ ಟಯರಿಗೆ ಅಂಟಿ ಬಂದು ಮಡ್‌ಗಾರ್ಡಿನ ಹಿಂದುಗಡೆ ಅಡ್ಡಪಟ್ಟಿಯ ಬಳಿ ಗೂಡು ಕಟ್ಟುತ್ತದೆ, ಹಿಂದಿನ ಡಿರೇಲರಿನ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಪುಟ್ಟ ಗಾಲಿಗಳಿಗೂ ಸುತ್ತಿಕೊಳ್ಳುತ್ತದೆ.

ಅಳತೆಯ ವಿಷಯದಲ್ಲಿ ಒಂದೇ ಎಚ್ಚರ. ರೇಸಿನ ಸೈಕ್ಲೋಕ್ರಾಸಿನಲ್ಲಿ ಹ್ಯಾಂಡಲು ತಗ್ಗು. ಫ್ರೇಮಿನ ಅಳತೆಪಟ್ಟಿಯಲ್ಲಿ ಸ್ಟ್ಯಾಕ್, ರೀಚ್ ಎಂಬ ಎರಡು ಅಂಕಿಗಳಿರುತ್ತವೆ: ಪೆಡಲಿನ ಅಚ್ಚಿನಿಂದ ಹ್ಯಾಂಡಲಿನ ಕೆಳಗಿನ ಫ್ರೇಮಿನ ನೆತ್ತಿಗೆ ಇರುವ ಎತ್ತರ ಸ್ಟ್ಯಾಕ್, ಮುಂದಕ್ಕಿರುವ ಅಡ್ಡ ದೂರ ರೀಚ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 575ನ್ನು 383ರಿಂದ ಭಾಗಿಸಿದರೆ 1.5, ಬೆನ್ನು ಬಾಗದೆ ದಿನಾ ಓಡಿಸಬಹುದು. 545ಕ್ಕೆ 385 ಆದರೆ 1.42, ಅದು ರೇಸಿನವರ ಭಂಗಿ. ಭುಜದ ಮೇಲಿಂದ ತಿರುಗಿ ಹಿಂದಿನ ಲಾರಿ ನೋಡುವುದಕ್ಕೇ ಕಷ್ಟವಾಗುತ್ತದೆ. ಆಮೇಲೆ ಪೆಡಲನ್ನು ಮುಂದಕ್ಕೆ ಅಡ್ಡ ಮಾಡಿ ನಿಲ್ಲಿಸಿ, ಬೂಟು ಹಾಕಿದ ಕಾಲಿಟ್ಟು ಹ್ಯಾಂಡಲ್ ತಿರುಗಿಸಿ ನೋಡಿ. ಟಯರು ಬೂಟಿನ ತುದಿಗೆ ಬೆರಳಗಲದಷ್ಟು ಹತ್ತಿರ ಬಂದರೆ, ಮಡ್‌ಗಾರ್ಡ್ ಹಾಕಿದ ಮೇಲೆ ತಾಗುವುದು ಖಂಡಿತ. ಸಣ್ಣ ಸೈಜಿನ ಫ್ರೇಮುಗಳಲ್ಲಿ ಇದು ಸಾಮಾನ್ಯ. ವೇಗದಲ್ಲಿ ಏನೂ ಆಗುವುದಿಲ್ಲ, ರಿಕ್ಷಾದ ಹಿಂದೆ ನಿಧಾನವಾಗಿ ಸುತ್ತು ತಿರುಗುವಾಗ ಬೀಳಿಸುತ್ತದೆ.

ಗೇರಿನ ಬಗ್ಗೆ ಲೆಕ್ಕ ಹಾಕಿಯೇ ತೀರ್ಮಾನಿಸಬೇಕು. ಸೈಕ್ಲೋಕ್ರಾಸಿನ ಹಳೆಯ ಪದ್ಧತಿಯಲ್ಲಿ ಮುಂದೆ, ಪೆಡಲಿನ ಬಳಿಯ ಎರಡು ಹಲ್ಲುಚಕ್ರಗಳಿಗೆ (ಚೈನ್‌ರಿಂಗ್) 46 ಮತ್ತು 36 ಹಲ್ಲು, ಹಿಂದಿನ ಹಲ್ಲುಚಕ್ರಗಳ ಗೊಂಚಲಿಗೆ (ಕ್ಯಾಸೆಟ್) 11ರಿಂದ 28. 35 ಮಿ.ಮೀ. ಟಯರಿನ ಸುತ್ತಳತೆ ಸುಮಾರು 2.16 ಮೀಟರ್. 36ಕ್ಕೆ 28 ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ 2.78 ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತಾದರೂ ತುಳಿಯಬೇಕೆಂದರೆ ಏರಿನಲ್ಲಿ ಗಂಟೆಗೆ 10 ಕಿ.ಮೀ. ವೇಗ ಇರಲೇಬೇಕು. ಸವಾರ, ಸೈಕಲ್, ಬ್ಯಾಗು ಸೇರಿ 86 ಕೆ.ಜಿ. ಎಂದಿಟ್ಟುಕೊಂಡರೆ, ನೂರಕ್ಕೆ ಎಂಟರ ಏರಿನಲ್ಲಿ ಅದಕ್ಕೆ ಸುಮಾರು 200 ವ್ಯಾಟ್ ಬೇಕು. ಕೆಲಸಕ್ಕೆ ಹೊರಟವರು ಅಷ್ಟು ತುಳಿದರೆ ಆಫೀಸಿನಲ್ಲಿ ಮೊದಲು ಸ್ನಾನ ಮಾಡಬೇಕಾಗುತ್ತದೆ. ಅದೇ 34ಕ್ಕೆ 34 ಆದರೆ ಒಂದು ಸುತ್ತಿಗೆ 2.16 ಮೀಟರ್, ಗಂಟೆಗೆ 7.8 ಕಿ.ಮೀ., ಬೇಕಾದದ್ದು 160 ವ್ಯಾಟ್. ಕರಾವಳಿಯ ಸೆಖೆಯಲ್ಲಿ ಈ ನಲವತ್ತು ವ್ಯಾಟಿನ ಅಂತರ ಅಂಗಿಯ ಮೇಲೆ ಕಾಣುತ್ತದೆ.

ಹಳೆಯ 46-36 ಇರುವ ಸೈಕಲ್ ಸಿಕ್ಕಿದರೆ ಬಿಡಬೇಕಾಗಿಲ್ಲ. ಚೈನ್‌ರಿಂಗಿನ ಬೋಲ್ಟುಗಳ ವೃತ್ತದ ವ್ಯಾಸ 110 ಮಿ.ಮೀ. ಆಗಿದ್ದರೆ ಒಳಗಿನ 36 ತೆಗೆದು 34 ಕೂರಿಸಬಹುದು. ನಾಲ್ಕು ಬೋಲ್ಟಿನದೋ ಐದು ಬೋಲ್ಟಿನದೋ ನೋಡಿ ತರಿಸಬೇಕು, ಅಷ್ಟೆ. ದೊಡ್ಡ ಹಲ್ಲುಚಕ್ರ ಬದಲಾಗದ ಕಾರಣ ಮುಂದಿನ ಡಿರೇಲರ್ ಇದ್ದಲ್ಲೇ ಇರುತ್ತದೆ. ಹಿಂದಿನ ಕ್ಯಾಸೆಟ್ ದೊಡ್ಡದು ಮಾಡುವ ಮುನ್ನ ಡಿರೇಲರಿನ ಮಿತಿ ನೋಡಿ. ಉದಾಹರಣೆಗೆ ಬಿಡಿಭಾಗ ಮಾಡುವ ಶಿಮಾನೋ ಕಂಪನಿಯ 105 ಎಂಬ ಗೇರ್ ಸೆಟ್ಟಿನ 5800 ಸರಣಿಯಲ್ಲಿ ಕುಳ್ಳ ಕಾಲಿನ ಡಿರೇಲರ್ 28 ಹಲ್ಲಿನವರೆಗೆ, ಉದ್ದ ಕಾಲಿನದು 32ರವರೆಗೆ. ಮಿತಿ ಮೀರಿಸಿ ಹಾಕಿದರೆ ಮೇಲಿನ ಗಾಲಿ ಕ್ಯಾಸೆಟ್ಟಿಗೆ ಉಜ್ಜುತ್ತದೆ. ಕ್ಯಾಸೆಟ್ ದೊಡ್ಡದಾದಾಗ ಹಳೆಯ ಚೈನು ಗಿಡ್ಡವಾಗುತ್ತದೆ. ಮುಂದೆ ದೊಡ್ಡದು, ಹಿಂದೆ ದೊಡ್ಡದು ಹಾಕಿ ಕೈಯಲ್ಲೇ ತಿರುಗಿಸಿ ನೋಡದೆ ರಸ್ತೆಗೆ ಇಳಿಸಿದರೆ ಡಿರೇಲರ್ ಕಿತ್ತುಬರಬಹುದು.

ಹೊಸದಾಗಿ ಕೊಳ್ಳುವವರಿಗೆ ನನ್ನ ಒಲವು ಮುಂದೆ ಒಂದೇ ಹಲ್ಲುಚಕ್ರ ಇರುವುದರ ಕಡೆ. 40 ಹಲ್ಲು, ಹಿಂದೆ 11ರಿಂದ 42. ಅತಿ ಹಗುರ ಗೇರಿನಲ್ಲಿ ಒಂದು ಸುತ್ತಿಗೆ 2.06 ಮೀಟರ್, ಅತಿ ಭಾರದ್ದರಲ್ಲಿ 7.85. ಇಳಿಜಾರಿನಲ್ಲಿ ಕಾಲು ಬೇಗ ಖಾಲಿ ತಿರುಗುತ್ತದೆ, ಆದರೆ ಮುಂದಿನ ಡಿರೇಲರ್, ಅದರ ಕೇಬಲ್ಲು, ಅದರ ಸ್ಪ್ರಿಂಗು ಇಷ್ಟೂ ತುಕ್ಕು ಹಿಡಿಯುವ ಪಟ್ಟಿಯಿಂದ ಹೋಯಿತು. ಉಪ್ಪುಗಾಳಿಯ ಊರಿನಲ್ಲಿ ಇಲ್ಲದ ಭಾಗ ಕೆಡುವುದಿಲ್ಲ.

ಬ್ರೇಕಿನಲ್ಲಿ ರಾಜಿ ಬೇಡ, ಡಿಸ್ಕೇ ಇರಲಿ. 2010ರ ಆಸುಪಾಸಿನ ಕ್ಯಾಂಟಿಲಿವರ್ ಬ್ರೇಕಿನ ಸೈಕ್ಲೋಕ್ರಾಸ್ ಈಗ ಕಡಿಮೆ ದುಡ್ಡಿಗೆ ಬರುತ್ತದೆ, ಆಸೆಯೂ ಆಗುತ್ತದೆ. ಒದ್ದೆ ರಿಮ್ಮಿನ ಮೇಲೆ ಅದು ಮೊದಲು ನೀರು ಒರೆಸಿ ಆಮೇಲೆ ಹಿಡಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಚಿರೇಕಲ್ಲಿನ ಹರಳು. ಬ್ರೇಕಿನ ರಬ್ಬರಿಗೆ ಕಚ್ಚಿಕೊಂಡು ಅಲ್ಯೂಮಿನಿಯಂ ರಿಮ್ಮನ್ನು ಮರಳುಕಾಗದದಂತೆ ತೀಡುತ್ತದೆ. ಅಂಥ ಸೈಕಲ್ ನೋಡುವಾಗ ರಿಮ್ಮಿನ ಪಕ್ಕಕ್ಕೆ ಸ್ಕೇಲನ್ನು ಅಡ್ಡ ಹಿಡಿಯಿರಿ. ಸ್ಕೇಲಿಗೂ ಲೋಹಕ್ಕೂ ನಡುವೆ ಬೆಳಕು ಕಂಡರೆ ರಿಮ್ಮು ಒಳಕ್ಕೆ ಸವೆದಿದೆ ಎಂದೇ ಅರ್ಥ, ಟಯರಿನ ಗಾಳಿಗೆ ಅದು ಯಾವತ್ತಾದರೂ ಬಾಯಿಬಿಡುತ್ತದೆ.

ಡಿಸ್ಕಿನಲ್ಲಿ ಕೇಬಲ್ಲಿನದೋ ಆಯಿಲಿನದೋ? ಆಯಿಲಿನದು ಮೃದು, ಪ್ಯಾಡು ಸವೆದಂತೆ ತಾನೇ ಸರಿಹೊಂದಿಸಿಕೊಳ್ಳುತ್ತದೆ, ಕೇಬಲ್ಲಿಗೆ ನೀರಿಳಿಯುವ ತಾಪತ್ರಯವಿಲ್ಲ. ಆದರೆ ಬ್ಲೀಡ್ ಕಿಟ್ಟು (ಆಯಿಲ್ ತುಂಬಿ ಒಳಗಿನ ಗಾಳಿ ತೆಗೆಯುವ ಸಲಕರಣೆ) ಮನೆಯಲ್ಲಿರಬೇಕು, ಮತ್ತು ಶಿಮಾನೋಗೆ ಮಿನರಲ್ ಆಯಿಲ್, ಸ್ರ್ಯಾಮ್‌ನ ಬಾಗಿದ ಹ್ಯಾಂಡಲಿನ ಬ್ರೇಕಿಗೆ ಡಾಟ್ (ಕಾರು, ಬೈಕುಗಳಿಗೆ ಹಾಕುವ ಬ್ರೇಕ್ ದ್ರವ) ಎಂಬುದನ್ನು ಮರೆಯಬಾರದು. ಒಂದಕ್ಕೆ ಇನ್ನೊಂದನ್ನು ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಇಡೀ ಬ್ರೇಕು ಹಾಳು. ಕೈಯಲ್ಲಿ ಅಲೆನ್ ಕೀ ಹಿಡಿಯಲು ಬೇಸರವಿಲ್ಲದವರಿಗೆ ಕೇಬಲ್ ಡಿಸ್ಕ್ ಸಾಕು, ಎರಡೂ ಬದಿಯಿಂದ ಒತ್ತುವ ಟಿಆರ್‌ಪಿ ಸ್ಪೈರ್‌ನಂಥದ್ದಾದರೆ ಇನ್ನೂ ಒಳ್ಳೆಯದು. ಒಂದೇ ಬದಿಯಿಂದ ಒತ್ತುವುದರಲ್ಲಿ ಡಿಸ್ಕು ಬಾಗಿ ಆಚೆ ಬದಿಯ ಪ್ಯಾಡಿಗೆ ತಾಗಬೇಕು. ಪ್ಯಾಡು ಸವೆದಂತೆ ಎರಡನ್ನೂ ಆಗಾಗ ಹತ್ತಿರ ಸರಿಸುತ್ತಿರಬೇಕು. ಕೇಬಲ್ ಬ್ರೇಕಿನದೊಂದು ಲಾಭವೆಂದರೆ ಹ್ಯಾಂಡಲಿನ ನೆಟ್ಟನೆಯ ಭಾಗದಲ್ಲೂ ಇನ್ನೊಂದು ಜೊತೆ ಲಿವರ್ ಕೂರಿಸಬಹುದು. ಪೇಟೆಯಲ್ಲಿ ನೆಟ್ಟಗೆ ಕೂತು ಓಡಿಸುವಾಗ ಅದರಷ್ಟು ಉಪಯೋಗದ ವಸ್ತು ಬೇರೆ ಇಲ್ಲ.

ಪ್ಯಾಡು ಮಾತ್ರ ಮಳೆಗಾಲಕ್ಕೆ ಲೋಹದ್ದೇ ಇರಲಿ. ರೆಸಿನ್ ಪ್ಯಾಡು ಸದ್ದಿಲ್ಲದೆ ಹಿಡಿಯುತ್ತದೆ, ಆದರೆ ಒದ್ದೆ ಕೆಂಪು ಮಣ್ಣಿನಲ್ಲಿ ಬೇಗ ಕರಗುತ್ತದೆ. ಲೋಹದ್ದು ಕಿರುಚುತ್ತದೆ, ಬಾಳುತ್ತದೆ. ಹಾಕುವ ಮುನ್ನ ಡಿಸ್ಕಿನ ಮೇಲೆ ಕೊರೆದಿರುವ ಅಕ್ಷರ ಓದಿ. ಕಡಿಮೆ ಬೆಲೆಯ ಕೆಲವು ಡಿಸ್ಕುಗಳು ರೆಸಿನ್ ಪ್ಯಾಡಿಗೆ ಮಾತ್ರ, ಲೋಹದ್ದು ಹಾಕಿದರೆ ಡಿಸ್ಕೇ ಸವೆಯುತ್ತದೆ. ಶಿಮಾನೋ ಹೇಳುವ ಮಿತಿ ಇದು: ಪ್ಯಾಡಿನ ಉಜ್ಜುವ ಪದರ 0.5 ಮಿ.ಮೀ.ಗೆ ಇಳಿದಾಗ, 1.8 ಮಿ.ಮೀ. ದಪ್ಪದ ಹೊಸ ಡಿಸ್ಕು 1.5ಕ್ಕೆ ಇಳಿದಾಗ ಬದಲಿಸಬೇಕು.

ಸೈಕ್ಲೋಕ್ರಾಸ್ ನಮ್ಮ ಊರಿನ ಅಂಗಡಿಗಳಲ್ಲಿ ಜೋಡಿಸಿಟ್ಟು ಮಾರುವ ವಸ್ತುವಲ್ಲ. ಗೋವಾ, ಹುಬ್ಬಳ್ಳಿ, ಬೆಂಗಳೂರು ಕಡೆ ಸೆಕೆಂಡ್ ಹ್ಯಾಂಡ್ ಹುಡುಕುವವರೇ ಹೆಚ್ಚು. ಕೊಳ್ಳುವಾಗ ನೋಡಬೇಕಾದದ್ದರಲ್ಲಿ ಮೊದಲನೆಯದು ಪೆಡಲಿನ ಅಚ್ಚಿನ ಬೇರಿಂಗ್ ಫ್ರೇಮಿಗೆ ಹೇಗೆ ಕೂತಿದೆ ಎಂಬುದು. ಥ್ರೆಡ್ ಹಾಕಿ ಬಿಗಿದ 68 ಮಿ.ಮೀ. ಅಗಲದ್ದಾದರೆ ನಿಶ್ಚಿಂತೆ. ಒತ್ತಿ ಕೂರಿಸಿದ್ದಾದರೆ ಮಳೆನೀರು, ಹುಡಿಮಣ್ಣು ಸೇರಿ ಕಿರ್ ಕಿರ್ ಶುರುವಾಗುತ್ತದೆ, ತೆಗೆದು ಹಾಕಲು ಬೇರೆಯೇ ಸಲಕರಣೆ ಬೇಕು. ಥ್ರೆಡ್ಡಿನದ್ದರಲ್ಲೂ ಚೈನಿನ ಬದಿಯದು ಎಡ ಥ್ರೆಡ್. ಇದು ಗೊತ್ತಿಲ್ಲದ ಕೈಗೆ ಕೊಟ್ಟರೆ ಬಿಚ್ಚುವ ಬದಲು ಬಿಗಿಯುತ್ತಾ ಹೋಗಿ ಫ್ರೇಮಿನ ಥ್ರೆಡ್ಡನ್ನೇ ಎಬ್ಬಿಸಿಬಿಡುತ್ತಾರೆ. ಎರಡನೆಯದು, ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ನಿಧಾನ ತಿರುಗಿಸಿ. ನಟ್ಟನಡುವೆ ಸಣ್ಣದಾಗಿ ಸಿಕ್ಕಿಕೊಂಡಂತಾದರೆ ಕೆಳಗಿನ ಬೇರಿಂಗ್ ಹೋಗಿದೆ. ಅದು ದೊಡ್ಡ ಖರ್ಚಲ್ಲ, ಚೌಕಾಸಿಗೆ ಉಪಯೋಗ. ಮೂರನೆಯದು ಸೀಟ್ ಪೋಸ್ಟ್. ಬೋಲ್ಟು ಸಡಿಲಿಸಿ ಮೇಲೆ ಕೆಳಗೆ ಜಾರಿಸಿ ನೋಡದೆ ದುಡ್ಡು ಕೊಡಬೇಡಿ. ಕಬ್ಬಿಣದ ಫ್ರೇಮಿನಲ್ಲಿ ಅಲ್ಯೂಮಿನಿಯಂ ಪೋಸ್ಟು ಉಪ್ಪುನೀರು ಕುಡಿದು ಹಿಡಿದುಕೊಂಡಿದ್ದರೆ ಅದನ್ನು ಗರಗಸದಲ್ಲಿ ಕೊಯ್ದೇ ತೆಗೆಯಬೇಕಾಗಬಹುದು.

ರೇಸಿನವರು ಮಾರುವ ಚಕ್ರಗಳಲ್ಲಿ ಕೆಲವು ಟ್ಯೂಬುಲರ್, ಅಂದರೆ ಟಯರನ್ನೇ ರಿಮ್ಮಿಗೆ ಗೋಂದು ಹಚ್ಚಿ ಅಂಟಿಸಿದ್ದು. ರಸ್ತೆ ಬದಿಯಲ್ಲಿ ಪಂಕ್ಚರ್ ತೆಗೆಯಲು ಬರುವುದಿಲ್ಲ. ಕಡ್ಡಿಗಳನ್ನೂ ಎಣಿಸಿ. 20 ಅಥವಾ 24 ಕಡ್ಡಿಯ ಚಕ್ರ ಬರಿ ಸವಾರನಿಗೆ ಸರಿ, ಕ್ಯಾರಿಯರಿನ ಭಾರಕ್ಕೆ ಹಿಂದೆ 28 ಅಥವಾ 32 ಇರಲಿ. ಬಸ್ಸಿನ ಡಿಕ್ಕಿಯಲ್ಲಿ ತರಿಸುವುದಾದರೆ ಹಿಂದಿನ ಡಿರೇಲರನ್ನು ಬಿಚ್ಚಿ ಬಟ್ಟೆ ಸುತ್ತಿ ಫ್ರೇಮಿನ ಒಳಗಡೆಗೆ ಕಟ್ಟಿಸಿ. ಇಲ್ಲದಿದ್ದರೆ ಅದನ್ನು ಹಿಡಿದಿರುವ ಹ್ಯಾಂಗರ್ ಬಗ್ಗಿ ಬರುತ್ತದೆ. ಹ್ಯಾಂಗರ್ ಪ್ರತಿ ಫ್ರೇಮಿಗೂ ಬೇರೆ ಬೇರೆ, ಬೇಕೆಂದ ದಿನ ಸಿಗುವುದಿಲ್ಲ. ಸೈಕಲ್ ಜೊತೆಗೇ ಎರಡು ಹೆಚ್ಚಿಗೆ ತರಿಸಿಡುವುದು ಲೇಸು.

ದುಡ್ಡಿನಲ್ಲಿ ಐದನೇ ಒಂದು ಪಾಲನ್ನು ಸೈಕಲ್ಲಿಗೆ ಹಾಕದೆ ಉಳಿಸಿಕೊಂಡೆ. ಅದರ ಮೊದಲ ಖರ್ಚು ಟಯರು. ಸೈಕ್ಲೋಕ್ರಾಸಿನ ಗುಬ್ಬಿ ಟಯರು ಡಾಂಬರಿನ ಮೇಲೆ ಗುಂಯ್‌ಗುಡುತ್ತದೆ, ನಡುವಿನ ಗುಬ್ಬಿಗಳು ಬೇಗ ಸವೆಯುತ್ತವೆ, ಒದ್ದೆ ತಿರುವಿನಲ್ಲಿ ಗುಬ್ಬಿಗಳೇ ಬಾಗಿ ಜಾರಿಸುತ್ತವೆ. ಬದಲಿಗೆ ಒಳಗೆ ಪಂಕ್ಚರ್ ತಡೆಯುವ ಪದರ ಇರುವ, ಹೆಚ್ಚುಕಡಿಮೆ ನುಣುಪಾದ 35 ಮಿ.ಮೀ. ಟಯರು ಹಾಕಿ. ಶ್ವಾಲ್ಬೆ ಮ್ಯಾರಥಾನ್ ಈ ಜಾತಿಯದು, ಭಾರ ಹೆಚ್ಚು, ನೆಮ್ಮದಿಯೂ ಹೆಚ್ಚು. ಬ್ಯಾಗು ಸೇರಿ 75 ಕೆ.ಜಿ. ಆಸುಪಾಸಿನವರು ಮುಂದೆ 45, ಹಿಂದೆ 55 ಪಿಎಸ್‌ಐ ಗಾಳಿ ಹಾಕಿಕೊಳ್ಳಬಹುದು, ಮಳೆಗಾಲದಲ್ಲಿ ಎರಡೂ ಕಡೆ ಐದು ಕಡಿಮೆ. ಟ್ಯೂಬಿನ ವಾಲ್ವು ಸಪೂರ ಪ್ರೆಸ್ಟಾ ಆಗಿದ್ದರೆ ಪೆಟ್ರೋಲ್ ಬಂಕಿನ ಗಾಳಿ ಪೈಪು ಹಿಡಿಯುವುದಿಲ್ಲ. ಚಿಕ್ಕ ಹಿತ್ತಾಳೆ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿಟ್ಟುಬಿಡಿ.

ಮಡ್‌ಗಾರ್ಡ್ ಪ್ಲಾಸ್ಟಿಕ್ಕಿನದು, ಪೂರ್ತಿ ಉದ್ದದ್ದು. ಮುಂದಿನದರ ತುದಿಗೆ ರಬ್ಬರಿನ ತುಂಡು ಸೇರಿಸಿ ನೆಲದಿಂದ ಒಂದು ಗೇಣಿಗಿಂತ ಕೆಳಕ್ಕೆ ಇಳಿಸಿದರೆ ಚೈನು, ಪೆಡಲಿನ ಬೇರಿಂಗು, ಬೂಟು ಮೂರೂ ಉಳಿಯುತ್ತವೆ. ಮುಂದಿನ ಕಡ್ಡಿಗಳು ಎಳೆದರೆ ಕಳಚಿಕೊಳ್ಳುವ ಕ್ಲಿಪ್ಪಿನವೇ ಆಗಬೇಕು. ಗಾಳಿಮಳೆಯ ಮರುದಿನ ರಸ್ತೆಯಲ್ಲಿ ಬಿದ್ದಿರುವ ರೆಂಬೆಯ ತುಂಡೊಂದು ಟಯರಿಗೂ ಮಡ್‌ಗಾರ್ಡಿಗೂ ನಡುವೆ ಸಿಕ್ಕಿದಾಗ ಕ್ಲಿಪ್ಪು ಬಿಡದಿದ್ದರೆ ಮಡ್‌ಗಾರ್ಡ್ ಮಡಚಿ ಚಕ್ರ ನಿಂತು ಸವಾರ ಹ್ಯಾಂಡಲಿನ ಮೇಲಿಂದ ಹೋಗುತ್ತಾನೆ.

ಕ್ಯಾರಿಯರ್ ಕೂರಿಸುವಾಗ ಎರಡು ತೊಡಕು. ಹಿಂದಿನ ಬ್ರೇಕಿನ ಕ್ಯಾಲಿಪರ್ (ಪ್ಯಾಡುಗಳನ್ನು ಹಿಡಿದಿರುವ ಭಾಗ) ಮೇಲಿನ ಕವಲಿನಲ್ಲಿದ್ದರೆ ಕ್ಯಾರಿಯರಿನ ಕಾಲಿಗೆ ಅಡ್ಡ ಬರುತ್ತದೆ. ಸ್ಪೇಸರ್ ಇಟ್ಟು ಉದ್ದ ಬೋಲ್ಟು ಹಾಕಬಹುದು, ಆದರೆ ಸ್ಪೇಸರ್ ಉದ್ದವಾದಷ್ಟೂ ಬೋಲ್ಟು ಮುರಿಯುವ ಸಂಭವ ಜಾಸ್ತಿ, ಭಾರ ಹತ್ತು ಕೆ.ಜಿ. ಒಳಗಿರಲಿ. ಇನ್ನೊಂದು, ಹಿಂದಿನ ಚಕ್ರದ ಅಚ್ಚಿಗೂ ಪೆಡಲಿನ ಅಚ್ಚಿಗೂ ನಡುವೆ 425ರಿಂದ 430 ಮಿ.ಮೀ. ಮಾತ್ರ ಇರುವುದರಿಂದ ದೊಡ್ಡ ಪಕ್ಕಬ್ಯಾಗಿಗೆ ಹಿಮ್ಮಡಿ ತಾಗುತ್ತದೆ. ಚಿಕ್ಕ ಬ್ಯಾಗು ತಂದು ಕೊಕ್ಕೆಗಳನ್ನು ಹಿಂದಕ್ಕೆ ಸರಿಸಿ ಹಾಕಬೇಕು. ಬೆನ್ನಿಗೆ ಬ್ಯಾಗು ಹಾಕಿ ನಮ್ಮ ಸೆಖೆಯಲ್ಲಿ ಓಡಿಸುವ ಮಾತು ಬೇಡ.

ಬೋಲ್ಟುಗಳೆಲ್ಲ 316 ದರ್ಜೆಯ ಸ್ಟೀಲಿನವು, ದೋಣಿ ಸಾಮಾನಿನ ಅಂಗಡಿಯಲ್ಲೂ ಕೇಳಿನೋಡಬಹುದು. ಗ್ರೀಸಿಲ್ಲದ ಬೋಲ್ಟನ್ನು ಅಲ್ಯೂಮಿನಿಯಂ ಫ್ರೇಮಿಗೆ ಹಾಕಬಾರದು. ಎರಡು ಲೋಹಗಳ ನಡುವೆ ಉಪ್ಪುನೀರು ಕೂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಬೋಲ್ಟನ್ನು ಕಚ್ಚಿಕೊಳ್ಳುತ್ತದೆ. ಗ್ರೀಸ್ ಸವರಿ ಹಾಕಿ, ಸೀಟ್ ಪೋಸ್ಟಿಗೂ ಪೆಡಲಿನ ಥ್ರೆಡ್ಡಿಗೂ ಅದೇ ಉಪಚಾರ. ಮೂರು ತಿಂಗಳಿಗೊಮ್ಮೆ ಬಿಚ್ಚಿ, ಒರೆಸಿ, ಮತ್ತೆ ಗ್ರೀಸ್.

ದಿನದ ಆರೈಕೆ ಹೆಚ್ಚೇನಿಲ್ಲ. ಮಳೆಯಲ್ಲಿ ಬಂದ ಸಂಜೆ ಒಂದು ತಂಬಿಗೆ ಸಿಹಿನೀರು ಬ್ರೇಕಿಗೆ, ಒಂದು ಡಿರೇಲರಿಗೆ. ಹಳೆಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿದರೆ ಅದು ಒಣಗುತ್ತದೆ, ಮೇಲೆ ಒದ್ದೆ ಹವೆಗೆಂದು ಸಿಗುವ ದಪ್ಪ ಎಣ್ಣೆ, ಕೊಂಡಿಗೊಂದು ಹನಿ. ಹಾಗೇ ಬಿಟ್ಟರೆ ಬೆಳಗಾಗುವುದರೊಳಗೆ ಚೈನು ಕೆಂಪಗಾಗಿರುತ್ತದೆ. ಬೇಸಿಗೆಯಲ್ಲಿ ಈ ದಪ್ಪ ಎಣ್ಣೆ ಧೂಳು ಹಿಡಿಯುತ್ತದೆ, ಆಗ ಮೇಣದ ಜಾತಿಯದು. ಚೈನಿನ ಸವೆತಕ್ಕೆ ಉದ್ದನೆಯ ಸ್ಕೇಲೊಂದು ಸಾಕು. ಹನ್ನೆರಡು ಪೂರ್ಣ ಕೊಂಡಿಗಳ ಉದ್ದ 304.8 ಮಿ.ಮೀ. ಇರಬೇಕು. 306.4 ಆಯಿತೆಂದರೆ ಬದಲಿಸಿ, ಇಲ್ಲದಿದ್ದರೆ ಅದು ಕ್ಯಾಸೆಟ್ಟನ್ನೂ ಜೊತೆಗೆ ಕೊಂಡೊಯ್ಯುತ್ತದೆ. ಬೈಕು ತೊಳೆಯುವ ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಪೈಪಿಗೆ ಮಾತ್ರ ಸೈಕಲ್ ಒಡ್ಡಬೇಡಿ, ಬೇರಿಂಗಿನ ಸೀಲುಗಳು ಅಷ್ಟು ಒತ್ತಡಕ್ಕೆ ಮಾಡಿದವಲ್ಲ. ಫ್ರೇಮಿನ ಅಡಿಯಲ್ಲಿ ಪೆಡಲಿನ ಅಚ್ಚಿನ ಕೆಳಗೆ ನೀರಿಳಿಯುವ ಸಣ್ಣ ತೂತು ಇರುತ್ತದೆ, ಮಣ್ಣು ಮುಚ್ಚಿದ್ದರೆ ಹಳೆಯ ಕಡ್ಡಿಯಿಂದ ಚುಚ್ಚಿ ಬಿಡಿಸಿ. ಒಮ್ಮೊಮ್ಮೆ ಅರ್ಧ ಲೋಟ ನೀರು ಬರುವುದೂ ಉಂಟು. ಬಿಣಗಾ ಕಡೆಯ ಸುರಂಗದಲ್ಲಿ ಹೋಗಿಬರುವವರು ಹಗಲಿನಲ್ಲೂ ಹಿಂದಿನ ಕೆಂಪು ದೀಪ ಉರಿಸಲಿ, ಅದರ ಚಾರ್ಜಿಂಗ್ ತೂತಿಗೆ ಸ್ವಲ್ಪ ವ್ಯಾಸಲೀನ್ ಸವರಿಟ್ಟರೆ ಹಸಿರುಗಟ್ಟುವುದಿಲ್ಲ.

ಶಿರಸಿ, ಸಿದ್ದಾಪುರದ ಕಡೆಯವರಿಗೆ ಈ ಲೆಕ್ಕದಲ್ಲಿ ಕೆಲವು ಬದಲಾವಣೆ. ಘಟ್ಟದ ಮೇಲೆ ಉಪ್ಪಿನ ಕಾಟವಿಲ್ಲ, ಮಾಮೂಲು ಸ್ಟೀಲ್ ಬೋಲ್ಟು ನಡೆಯುತ್ತದೆ, ಕಬ್ಬಿಣದ ಫ್ರೇಮಿಗೂ ಹೆದರಬೇಕಾಗಿಲ್ಲ. ಆದರೆ ತೋಟಕ್ಕಿಳಿಯುವ ರಸ್ತೆಗಳು ಕಡಿದು, ಮಳೆ ಬಿಟ್ಟ ಮೇಲೂ ಹಾವಸೆ ತಿಂಗಳುಗಟ್ಟಲೆ ಉಳಿಯುತ್ತದೆ. 34ಕ್ಕೆ 34 ಅಲ್ಲಿ ಕನಿಷ್ಠ, ಶಿಮಾನೋದ ಗ್ರಾವೆಲ್ ಗೇರ್ ಸೆಟ್ ಜಿಆರ್‌ಎಕ್ಸ್‌ನ 46-30ರಂಥದ್ದು ಸಿಕ್ಕಿದರೆ ಇನ್ನೂ ಒಳ್ಳೆಯದು. ಟಯರು 38 ಅಥವಾ 40. ಅಷ್ಟು ಅಗಲಕ್ಕೆ ಮಡ್‌ಗಾರ್ಡೂ ಸೇರಬೇಕೆಂದರೆ ಸೈಕ್ಲೋಕ್ರಾಸ್ ಫ್ರೇಮಿನಲ್ಲಿ ಜಾಗ ಸಾಲುವುದಿಲ್ಲ, ಗ್ರಾವೆಲ್ ಬೈಕನ್ನೇ ನೋಡಬೇಕು.